ಮುಳ್ಳಿಗೊಂದು ಬೊಟ್ಟು

ನಮ್ಮ ಮನೇಲಿ ಕೂಗಾಟ ಕೇಳಿಸಿದರೆ ಅತ್ತೆ-ಸೊಸೆ ಜಗಳ ಅಂದ್ಕೋಬೇಡಿ. ಮುಳ್ಳು ಏರ್ತೋ ಇಳೀತೋ ಅಂತ ನಡೆಯೋ ಗಲಾಟೆ ಅದು. ನಮ್ಮ ಯಜಮಾನರ ಲಾರಿಗೆ ನನ್ನ ಮಗನಿಗಿಂತ ಜಾಸ್ತಿ ವಯಸ್ಸು. ಹರೂರಿಂದ ಸೇಲಂಗೆ ಹುಣಸೆಹಣ್ಣು, ಮಾವು, ಕುರಿ ಎಲ್ಲ ಹೊತ್ತೈತೆ. ಸ್ಟೇರಿಂಗ್ ಮುಂದೆ ಒಂದು ಗುಂಡು ಮೀಟರ್. ಇಂಜಿನ್ ಒಳಗೆ ಆಯಿಲ್ ಎಷ್ಟು ಒತ್ತಡದಲ್ಲಿ ಓಡ್ತೈತೆ ಅಂತ ಅದರ ಮುಳ್ಳು ಹೇಳ್ತೈತೆ. ಆ ಮುಳ್ಳಿಂದ ಮೊನ್ನೆ ಲಾರಿನೇ ಕೈಬಿಟ್ಟು ಹೋಗೋದ್ರಲ್ಲಿತ್ತು. ಮೊದಲಿಂದ ಹೇಳ್ತೀನಿ.

೧. ಬಿಪಿ

ನಾನು ಮೊದಲ ಸಲ ಕ್ಯಾಬಿನ್‌ನಲ್ಲಿ ಕೂತ ದಿನ. ಬೆಳಿಗ್ಗೆ ಹೊರಟಾಗ ಮುಳ್ಳು ನೆತ್ತಿ ಮೇಲಿತ್ತು. ಮೊರಪ್ಪೂರು ರೈಲು ಗೇಟ್ ಹಾಕಿ ಲಾರಿ ನಿಂತಾಗ ನೋಡ್ತೀನಿ, ಸರ್ರಂತ ಇಳಿದೈತೆ!

"ಅಯ್ಯೋ, ಬಿಪಿ ಇಳಿದೋಯ್ತು, ನಿಲ್ಸಿ ನಿಲ್ಸಿ!"

"ನಿಂತೇ ಐತಲ್ಲೇ!" ಅಂದ್ರು ಯಜಮಾನರು. "ತಣ್ಣಗಿದ್ರೆ ಆಯಿಲ್ ಗಟ್ಟಿ ತುಪ್ಪ ಇದ್ದಂಗೆ, ಮುಳ್ಳು ಏರ್ತೈತೆ. ಬಿಸಿಯಾದ್ರೆ ನೀರಾಯ್ತೈತೆ, ಇಳೀತೈತೆ. ಆಕ್ಸಿಲೇಟರ್ ಒತ್ತಿದ್ರೆ ಮತ್ತೆ ಏಳ್ತೈತೆ. ಸೊನ್ನೆಗೆ ಬಿದ್ರೆ ಮಾತ್ರ ತಕ್ಷಣ ಆಫ್ ಮಾಡ್ಬೇಕು, ಇಲ್ಲಾಂದ್ರೆ ಇಂಜಿನ್ ಕತೆ ಮುಗೀತು."

ನನಗೆ ಅಂಕಿ ಓದಕ್ಕೆ ಬರಲ್ಲ. ಹಣೇಲಿದ್ದ ಸ್ಟಿಕ್ಕರ್ ಬೊಟ್ಟು ಕಿತ್ತು, ಬಿಸಿ ಇಂಜಿನ್‌ಗೆ ಮುಳ್ಳು ನಿಂತಿದ್ದ ಜಾಗಕ್ಕೆ ಗಾಜಿನ ಮೇಲೆ ಅಂಟಿಸಿದೆ.

ಯಜಮಾನರು ನನ್ನ ಬೋಳು ಹಣೆ ನೋಡಿ ಬೆಚ್ಚಿಬಿದ್ರು. "ನಾನಿನ್ನೂ ಬದುಕಿದೀನಿ ಕಣೇ!"

೨. ಮೊಣಕಾಲಿನ ಎಣ್ಣೆ

ಒಂದು ಸಲ ಕಾರಿಮಂಗಲಂ ದಾರೀಲಿ ಕಾಲ ಮೇಲೆ ಬೆಚ್ಚಗೆ ಏನೋ ತೊಟ್ಟಿಕ್ತಿತ್ತು. ಮಗಳಿಗೆ ಅಂತ ಎಳ್ಳೆಣ್ಣೆ ಬಾಟ್ಲಿ ತಂದಿದ್ದೆ, ಅದೇ ಸೋರ್ತೈತೆ ಅಂದ್ಕೊಂಡೆ. ಕಪ್ಪಗಿತ್ತು, ಗಾಣದ ಎಣ್ಣೆ ಹಂಗೇ ಅಂತ ಸುಮ್ಮನಾದೆ. ವೇಸ್ಟ್ ಯಾಕೆ? ಎರಡೂ ಮೊಣಕಾಲಿಗೆ ತಿಕ್ಕಿ ತಿಕ್ಕಿ ಹಚ್ಕೊಂಡೆ. ತಲೆ ಎತ್ತಿದರೆ ಮುಳ್ಳು ಸೊನ್ನೇಲಿ! ನಾನು ಕೂಗಿದ ಕೂಗಿಗೆ ಇಂಜಿನ್ ಆಫ್.

ಮೆಕ್ಯಾನಿಕ್ ಬಂದು ನೋಡಿ, ತಮಿಳಲ್ಲಿ ಅಜ್ಜಿ ಅಂತ ಕರೆದು, "ಪಾಟ್ಟಿ, ಇಂಜಿನ್‌ಗೆ ಏನೂ ಆಗಿಲ್ಲ. ಮೀಟರ್‌ಗೆ ಆಯಿಲ್ ತರೋ ಸಣ್ಣ ಪೈಪ್ ಬಿಟ್ಟೋಗಿದೆ, ಸುದ್ದಿ ಬಂದಿಲ್ಲ ಅಷ್ಟೆ. ಸುರಿದ ಆಯಿಲ್ ಎಲ್ಲಿ ಓಯ್ತು?" ಅಂದ.

ನಾನು ಸೀರೆ ಸ್ವಲ್ಪ ಎತ್ತಿ ಮೊಣಕಾಲು ತೋರಿಸಿದೆ.

ಯಜಮಾನರು ಅಂದ್ರು: "ಇನ್ನು ಐದು ಸಾವಿರ ಕಿಲೋಮೀಟ್ರು ನಿಂಗೆ ಸರ್ವೀಸ್ ಬೇಡ ಬಿಡು."

೩. ಬೊಟ್ಟು ನಡೆದದ್ದು

ಮೊನ್ನೆ ಮಗ, "ಅಪ್ಪನಿಗೆ ವಯಸ್ಸಾಯ್ತು, ಲಾರಿ ಮಾರೋಣ" ಅಂತ ಹಠ ಹಿಡಿದ. ಹಳೇ ಲಾರಿ ಕೂಡಿಡೋ ಸೇಲಂನವರೊಬ್ಬರಿಗೆ ಫೋನ್ ಮಾಡಿ, "ಇಂಜಿನ್ ಕಾದ ಮೇಲೂ ಮುಳ್ಳು ನಮ್ಮವ್ವನ ಬೊಟ್ಟಿನ ಮೇಲೇ ನಿಲ್ತೈತೆ, ಬಂದು ನೋಡಿ" ಅಂದ. ಯಜಮಾನರು ಎರಡು ದಿನ ಸರಿಯಾಗಿ ಉಣ್ಣದೆ ಲಾರಿ ಒರೆಸಿದ್ದೇ ಒರೆಸಿದ್ದು.

ನನ್ನ ಕೈಲಿ ನೋಡಕ್ಕಾಗಲಿಲ್ಲ. ಯಾರಿಗೂ ಕಾಣದಂಗೆ ಬೊಟ್ಟು ಕಿತ್ತು ಒಂದು ಬೆರಳು ಮೇಲಕ್ಕೆ ಅಂಟಿಸಿದೆ. ಮುಳ್ಳು ಕೆಳಗೆ ಕಂಡರೆ ಇಂಜಿನ್ ಸರಿಯಿಲ್ಲ ಅಂತ ಬಂದೋರು ಹೋಗ್ತಾರಲ್ಲ!

ಬಂದವರು ಅರ್ಧ ಗಂಟೆ ಇಂಜಿನ್ ಓಡಿಸಿದರು. ಮಾರಿಯಮ್ಮನ ನೆನೆಸ್ಕೊಂಡು ನೋಡ್ತೀನಿ, ಆ ಹಾಳು ಮುಳ್ಳು ಸರಿಯಾಗಿ ಬೊಟ್ಟಿನ ಮೇಲೇ ಬಂದು ಕೂತೈತೆ!

"ಸೂಪರ್!" ಅಂದವರು ಗಾಜಿಗೆ ಮುಖ ಇಟ್ಟು ನೋಡಿದರು. ಕೆಳಗೆ ಹಳೇ ಬೊಟ್ಟಿನ ಅಂಟು ಗುಂಡಗೆ ಧೂಳು ಹಿಡಿದು ಕೂತಿತ್ತು. "ಪಾಟ್ಟಿ, ಬೊಟ್ಟು ಮೇಲಕ್ಕೆ ನಡ್ಕೊಂಡು ಬಂತಾ?"

ನನಗೆ ಸುಳ್ಳು ಹೇಳಕ್ಕೆ ಬರಲ್ಲ, ಎಲ್ಲ ಒಪ್ಪಿಕೊಂಡೆ.

"ಹಾಗಾದ್ರೆ ಮುಳ್ಳು ಕೆಳಗಿರಬೇಕಲ್ಲ? ಇಷ್ಟು ಬಿಸೀಲೂ ಮೇಲೆ ಯಾಕೈತೆ?" ಅಂತ ಆಯಿಲ್ ನೋಡೋ ಕಡ್ಡಿ ಎಳೆದರು. ಬೆಲ್ಲದ ಪಾಕದಂಗೆ ಆಯಿಲ್ ಎಳೆ ಎಳೆ ಇಳೀತು. "ಇಂಜಿನ್ ಸವೆದಿರೋದನ್ನ ಮುಚ್ಚಿಡಕ್ಕೆ ಗಟ್ಟಿ ಆಯಿಲ್ ಸುರಿದಿದ್ದೀರಾ!" ಅಂತ ಕಾರು ಹತ್ತಿ ಹೋದರು.

ಮಗ ತಲೆ ಬಗ್ಗಿಸಿ ನಿಂತಿದ್ದ. ಬಂದವರ ಮುಂದೆ ಮುಳ್ಳು ಎಲ್ಲಿ ಇಳಿದುಬಿಡ್ತೈತೋ ಅಂತ ಸುರಿದವನು ಅವನೇ. ಯಜಮಾನರು ಆ ಆಯಿಲ್ ಇಳಿಸಿ, ಮಾಮೂಲಿ ಆಯಿಲ್ ಹಾಕಿ ಓಡಿಸಿದರು. ಬೊಟ್ಟು ಹಳೇ ಜಾಗಕ್ಕೆ ಇಟ್ಟೆ. ಮುಳ್ಳು ಬಂದು ಅದರ ಮೇಲೇ ಕೂತಿತು. ಇಂಜಿನ್ ಕಲ್ಲು ಇದ್ದಂಗೈತೆ!

ಅವತ್ತು ಕೋಳಿ ಸಾರು, ಯಜಮಾನರೇ ಬಡಿಸಿದ್ರು. ಎರಡೂ ಕಾಲು ಮಗನ ತಟ್ಟೆಗೆ ಬಿತ್ತು, ನನಗೆ ಕುತ್ತಿಗೆ.

"ಇದೇನ್ರೀ?" ಅಂದೆ.

"ಇನ್ನೇನೇ? ಉಳಿಸ್ತೀನಿ ಅಂತ ಓಗಿ ನೀನು ಮಾರೇ ಬಿಡ್ತಿದ್ದೆ. ಮಾರ್ತೀನಿ ಅಂತ ಓಗಿ ಉಳಿಸಿದೋನು ಅವನು!"