ಮಾಮಾನ ‘ಯಾಕ’ ಮತ್ತು ನನ್ನ ಇಂಜಿನಿಯರಿಂಗು

ನಮ್ಮ ಸೋದರಮಾವನ ಮನೆಯಲ್ಲಿ ಚಹಾ ಕುಡಿದು, ಒಂದೂ ಪ್ರಶ್ನೆ ಕೇಳಿಸಿಕೊಳ್ಳದೆ ಎದ್ದುಬಂದವರು ನಾಸಿಕದಲ್ಲಿ ಯಾರಾದರೂ ಇದ್ದರೆ ಅವರಿಗೆ ಶಾಲು ಹೊದಿಸಬೇಕು! ಚಹಾ ಬಿಸಿ ಇದ್ದರೆ “ಯಾಕ ಬಿಸಿ?”, ಆರಿದರೆ “ಯಾಕ ಆರ್ತು?” ಪಾಪ, ಬಂದವರು ನಾಲಿಗೆ ಸುಟ್ಟುಕೊಂಡು ಓಡುತ್ತಿದ್ದರು.

ಬೀದರಿನ ಈ ಮಹಾನುಭಾವರು ಬ್ಯಾಂಕಿನ ವರ್ಗಾವಣೆಯ ಮೇಲೆ ನಾಸಿಕದ ಪಂಚವಟಿಗೆ ಬಂದಿದ್ದರು. ನಾನು ಹನ್ನೆರಡನೆಯ ತರಗತಿಯನ್ನು ಭರ್ಜರಿಯಾಗಿ ಉರುಹೊಡೆದು, ಔರಂಗಾಬಾದಿನಲ್ಲಿ ಇಂಜಿನಿಯರಿಂಗ್ ಸೀಟು ಹಿಡಿದು, ರಜೆಗೆಂದು ಅವರ ಮನೆಗೆ ಹೋದೆ. ಮೊದಲ ದಿನವೇ ಮಾಮಾ ನನ್ನ ಗೈಡುಗಳನ್ನೆಲ್ಲ ಅಟ್ಟ ಸೇರಿಸಿದರು.

“ಕಾಲೇಜಿನ್ಯಾಗ ಬಾಯಿಪಾಠ ನಡೆಯಂಗಿಲ್ಲವ್ವಾ. ತಿಳ್ಕೊಂಡು ಓದಬೇಕು!”

“ಹುಡುಗಿ ರಜಾಕ್ಕ ಬಂದಾಳ್ರಿ, ಒಂದೀಟು ಉಸಿರಾಡಲಿಕ್ಕ ಬಿಡ್ರಿ,” ಎಂದರು ಅತ್ತೆ.

“ಉಸಿರು ಯಾಕ ಆಡ್ತೀವಿ?” ಮಾಮಾ ನನ್ನತ್ತ ತಿರುಗಿದರು!

ಒಂದು ದಿನ ಪಂಚವಟಿಯ ಗಲ್ಲಿಯಲ್ಲಿ ಆಟೋ ಗಕ್ಕನೆ ತಿರುಗಿತು. ನಾನು ಮಾಮಾನ ಮೇಲೆ ವಾಲಿದೆ. “ಆಟೋ ನಿಲ್ಲಸ್ರಿ! ಹಿಂಗ ಯಾಕ ಆತು, ಹೇಳವ್ವಾ.” ನಾನು ಜಡತ್ವದ ನಿಯಮವನ್ನು ಉಸಿರು ಬಿಡದೆ ಒಪ್ಪಿಸಿದೆ. “ಅದು ಪುಸ್ತಕ ಹೇಳಿದ್ದು. ನೀ ಏನ್ ಹೇಳ್ತಿ?” ಹಿಂದೆ ಹಾರ್ನುಗಳ ಮೇಳ. ಆಟೋದವನು ತಾಳ್ಮೆಗೆಟ್ಟು ಮರಾಠಿಯಲ್ಲಿ ಹೇಳಿಯೇಬಿಟ್ಟ: “ಗಾಡಿ ತಿರುಗಿತು, ನೀವು ತಿರುಗಲಿಲ್ಲ. ಇಷ್ಟೇ!”

“ನಿನ್ನ ಸೀಟು ಇವರಿಗೆ ಕೊಡಬೇಕಿತ್ತು ನೋಡು!” ಎಂದರು ಮಾಮಾ.

ಹೀಗೆ ತಯಾರಾಗಿ ಕಾಲೇಜು ಸೇರಿದರೆ ಅಲ್ಲಿ ಕಂಡದ್ದೇನು? ಎಲ್ಲರ ಕೈಯಲ್ಲೂ ಗೈಡು! ಪ್ರಾಧ್ಯಾಪಕರ ಕೈಯಲ್ಲೂ! ಪರೀಕ್ಷೆಯಲ್ಲಿ ಒತ್ತಡಕ್ಕೂ ಕುದಿಯುವ ಬಿಂದುವಿಗೂ ಏನು ಸಂಬಂಧ ಎಂಬ ಪ್ರಶ್ನೆ ಬಂತು. ಕುಕ್ಕರಿನಲ್ಲಿ ಬೇಳೆ ಬೇಗ ಬೇಯುವುದನ್ನು ನನ್ನದೇ ಮಾತಿನಲ್ಲಿ ವಿವರಿಸಿದೆ. ಸೊನ್ನೆ! ಪಕ್ಕದಲ್ಲಿ ಕೆಂಪು ಅಕ್ಷರ: ‘ಇದು ಅಡುಗೆಮನೆಯಲ್ಲ.’

ಮಾಮಾನಿಗೆ ಫೋನು ಮಾಡಿ, ಕುಕ್ಕರಿನ ಕಥೆ ಹೇಳಿ ಅತ್ತುಬಿಟ್ಟೆ. “ನಿಮ್ಮ ಮಾತು ಕೇಳಿ ಮುಳುಗಿದೆ ಮಾಮಾ!”

ಮರುದಿನವೇ ಮಾಮಾ ಬಸ್ಸು ಹತ್ತಿ ಬಂದರು. ಪ್ರಾಧ್ಯಾಪಕರ ಗತಿ ಮುಗಿಯಿತು ಎಂದುಕೊಂಡೆ. ಮಾಮಾ ಅವರ ಸುದ್ದಿಯನ್ನೇ ಎತ್ತಲಿಲ್ಲ. “ನಿಮ್ಮ ಕ್ಲಾಸು ತೋರಸ್ತೀ?” ಎಂದರು.

ತರಗತಿ ಖಾಲಿಯಿತ್ತು. ಮೊದಲ ಬೆಂಚನ್ನು ಅಂಗೈಯಿಂದ ಸವರಿ, ಮೆಲ್ಲನೆ ಕೂತರು. “ನಾ ಮ್ಯಾಟ್ರಿಕ್ಕಿಗೇ ಬ್ಯಾಂಕಿನ್ಯಾಗ ಪ್ಯೂನ್ ಆಗಿ ಸೇರಿದವ. ಕಾಲೇಜು ಒಳಗ ಹೆಂಗಿರ್ತದ ಅಂತ ಇವತ್ತೇ ನೋಡಿದ್ದು. ಆ ಕುಕ್ಕರಿಂದು ನನಗ ಖರೇನ ಗೊತ್ತಿಲ್ಲ. ಹೇಳಿಕೊಡ್ತೀ?”

ಬೋರ್ಡಿನ ಮುಂದೆ ನಿಂತೆ. ಎರಡು ‘ಯಾಕ’ಗಳನ್ನು ದಾಟಿದೆ. ಮೂರನೆಯದಕ್ಕೆ ಸೀಮೆಸುಣ್ಣ ಕೆಳಗಿಟ್ಟೆ. “ಗೊತ್ತಿಲ್ಲ ಮಾಮಾ.”

“ನನಗೂ ಇಲ್ಲ. ಇಬ್ಬರೂ ಹುಡುಕೋಣಂತ. ತಗೀ ಪುಸ್ತಕ.”

ಬಾಗಿಲು ಹಾಕಲು ಬಂದ ಕಾವಲುಗಾರನಿಗೆ ಮಾಮಾ ತಮ್ಮ ಹರಕು ಮರಾಠಿಯಲ್ಲಿ, ಎದ್ದು ನಿಂತು, ಕೈಮುಗಿದು ಹೇಳಿದರು: “ಸ್ವಲ್ಪ ತಡೀರಿ ಸಾಹೇಬ್ರ, ನಮ್ಮ ಕ್ಲಾಸು ನಡೆದದ.”