ಕೊಬ್ಬರಿ ಕಿವಿಯೂ ಕೆಂಪು ಹೊಟ್ಟೆಯ ಮೀನೂ

"ಮೂವತ್ತೆರಡು ವರ್ಷ ಕೊಬ್ಬರಿ ನೋಡಿದೋನು ಕಣೇ ನಾನು! ಅಂಥೋನಿಗೆ ಬೆರಳುದ್ದದ ಮೀನೇನು ಮಹಾ? ಸಂಕ್ರಾಂತಿಯೊಳ್ಗೆ ಈ ತೊಟ್ಟೀಲಿ ನೂರು ಮರಿ ಓಡಾಡ್ಲಿಲ್ಲ ಅಂದ್ರೆ ನನ್ನ ಹೆಸ್ರು ತೋಂಟದಾರ್ಯನೇ ಅಲ್ಲ!"

ಬಿಳಿಗೆರೆಯ ತಮ್ಮ ಮನೆಯ ಪಡಸಾಲೆಯಲ್ಲಿ, ಹೊಸ ಗಾಜಿನ ತೊಟ್ಟಿಯ ಮೇಲೆ ಕೈಯಿಟ್ಟು ತೋಂಟದಾರ್ಯರು ಹೀಗೆ ಘೋಷಿಸಿದಾಗ ಸಭೆಯಲ್ಲಿ ಇದ್ದವರು ಹೆಂಡತಿ ಮಂಗಳಮ್ಮ ಒಬ್ಬರೇ. ಅವರು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ತಲೆ ಎತ್ತಲಿಲ್ಲ.

"ಆಯ್ತು. ಸಂಕ್ರಾಂತಿವರ್ಗೂ ನೋಡ್ತೀನಿ. ಮರಿ ಬರ್ಲಿಲ್ಲ ಅಂದ್ರೆ ತೊಟ್ಟಿ ಮೀನು ಎಲ್ಲಾ ಇಸ್ಮಾಯಿಲಣ್ಣನ ಅಂಗಡಿಗೆ ವಾಪಸ್ಸು. ಕಿಟಕಿ ಹತ್ರ ಮೊದ್ಲಿನಂಗೆ ನನ್ನ ಹೊಲಿಗೆ ಮಿಷಿನ್ನು."

"ಒಪ್ಕೊಂಡೆ!"

ತೋಂಟದಾರ್ಯರ ಹಿನ್ನೆಲೆ ಸ್ವಲ್ಪ ಹೇಳಬೇಕು. ಹೋದ ವರ್ಷ ಕಾಲಿನ ಮಂಡಿ ಕೈಕೊಟ್ಟಿತೆಂದು ಅವರು ತಿಪಟೂರಿನ ಕೊಬ್ಬರಿ ಮಂಡಿಯನ್ನು ತಮ್ಮನ ಕೈಗೆ ಕೊಟ್ಟಿದ್ದರು. ನಮ್ಮ ಸೀಮೆಯಲ್ಲಿ ತೆಂಗಿನಕಾಯಿ ಹನ್ನೊಂದು ತಿಂಗಳು ಅಟ್ಟದ ಮೇಲೆ ಕೂತು, ನೀರು ಬತ್ತಿ, ಕೊಬ್ಬರಿ ಕರಟ ಬಿಟ್ಟು ಒಳಗೇ ಲೊಟಲೊಟ ಅನ್ನಬೇಕು. ಕಾಯನ್ನು ಕಿವಿಗೆ ಹಿಡಿದು ಒಂದು ಸಲ ಅಲ್ಲಾಡಿಸಿ "ಬಲಿತೈತೆ", "ಇನ್ನೂ ಬಲಿತಿಲ್ಲ" ಎಂದು ತೀರ್ಪು ಕೊಡುವುದರಲ್ಲಿ ತೋಂಟದಾರ್ಯರದು ಎತ್ತಿದ ಕೈ. ಅಂಥ ಕೈಗೆ ಈಗ ಕೆಲಸವಿಲ್ಲ! ದಿನಾ ಬೆಳಗ್ಗೆ ಅಟ್ಟದಿಂದ ಒಂದು ಕಾಯಿ ಇಳಿಸಿ, ಅಲ್ಲಾಡಿಸಿ, ಮತ್ತೆ ಅಲ್ಲೇ ಇಡುತ್ತಿದ್ದರು. ಅದನ್ನು ನೋಡಲಾಗದೆ ಮಂಗಳಮ್ಮ ತಮ್ಮ ಹೊಲಿಗೆ ಮಿಷಿನ್ನನ್ನು ಪಕ್ಕಕ್ಕೆ ಸರಿಸಿದ್ದರು. ತೊಟ್ಟಿಗೆ ಕಿಟಕಿಯ ಜಾಗ ಸಿಕ್ಕಿದ್ದು ಆ ಕಾರಣಕ್ಕೆ.

ಮೀನು ಕೊಟ್ಟವರು ಪೇಟೆಯ ದರ್ಜಿ ಮಹಮ್ಮದ್ ಇಸ್ಮಾಯಿಲ್. ಅವರ ಅಂಗಡಿಯಲ್ಲಿ ಬಟ್ಟೆಗಿಂತ ಮೀನಿನ ತೊಟ್ಟಿಗಳೇ ಹೆಚ್ಚು. ಅಳತೆ ಕೊಡಲು ಹೋದ ತೋಂಟದಾರ್ಯರು ಎರಡು ಗಂಟೆ ಮೀನು ನೋಡುತ್ತ ಕೂತು, ಅಂಗಿಯ ಮಾತೇ ಮರೆತು ಕ್ರಿಬೆನ್ಸಿಸ್ ಎಂಬ ಜಾತಿಯ ಒಂದು ಜೋಡಿ ಮೀನು ಹಿಡಿದುಕೊಂಡು ಎದ್ದಿದ್ದರು.

"ಹೊಟ್ಟೆ ಕೆಂಪಗೈತಲ್ಲ, ಅದು ಹೆಣ್ಣು ಅಣ್ಣಾವ್ರೇ. ಮನೆ ಯಜಮಾನ್ಕೆ ಎಲ್ಲಾ ಅವ್ಳದ್ದೇ. ಗಂಡು ಸುಮ್ನೆ ಆಚೆ ಕಾವಲು" ಎಂದಿದ್ದರು ಇಸ್ಮಾಯಿಲ್. "ಒಂದು ಹೋಳು ಕರಟ ಬೋರಲಾಕಿ, ಬಾಗ್ಲು ಕೊರ್ದು ಇಡಿ. ಅದ್ರೊಳ್ಗೆ ಮೊಟ್ಟೆ ಅಂಟಿಸ್ತಾಳೆ. ಆಮೇಲೆ ಮಾತ್ರ ಆ ಕರಟಕ್ಕೆ ಕೈ ಹಾಕ್ಬ್ಯಾಡಿ."

"ತಿಪಟೂರು ಕೊಬ್ಬರಿಯೋನಿಗೆ ಕರಟದ ವಿಚಾರ ಹೇಳ್ಕೊಡ್ತೀಯೇನಪ್ಪಾ!"

ಮೂರು ಹೊತ್ತು ವಿಭೂತಿ ಹಚ್ಚುವವರ ಬೀದಿಯಲ್ಲಿ ಆ ನೀರಿನ ಚೀಲ ಹಿಡಿದು ಬರುವುದೇನು ಸಾಮಾನ್ಯವೇ? "ಏನ್ ತೋಂಟಣ್ಣ, ಮೀನಾ?" ಎಂದು ಕೇಳಿದವರಿಗೆಲ್ಲ "ಮೀನಲ್ಲ ಕಣಪ್ಪ, ಕ್ರಿಬೆನ್ಸಿಸ್ಸು!" ಎಂದು ಉತ್ತರ ಕೊಟ್ಟುಕೊಂಡೇ ಮನೆ ಸೇರಿದರು.

ಹೋಳು ಕರಟ ಎಲ್ಲರೂ ಇಡುತ್ತಾರೆ. ತೋಂಟದಾರ್ಯರು ಇಡುವುದೇ? ಇಡೀ ಬುರುಡೆಯನ್ನೇ ಇಟ್ಟರು! ಕಣ್ಣಿನ ಕಡೆ ಎರಡು ಬೆರಳು ತೂರುವಷ್ಟು ತೂತು ಕೊರೆದು, ಒಳಗಿನದನ್ನೆಲ್ಲ ಕೆರೆದು, ಬಣ್ಣ ಬಿಡಲೆಂದು ಮಂಗಳಮ್ಮನ ಕುಕ್ಕರಿನಲ್ಲಿ ನಾಲ್ಕು ಕೂಗು ಕೂಗಿಸಿದರು. ಆ ವಾರದ ಸಾರಿಗೆಲ್ಲ ಕರಟದ ವಾಸನೆ. ಅರಮನೆಯೇನೋ ಭರ್ಜರಿಯಾಯಿತು. ಆದರೆ ಒಳಗೇನು ನಡೆಯುತ್ತಿದೆ ಎಂದು ಹೊರಗಿನಿಂದ ಒಂದಿಷ್ಟೂ ಕಾಣುವಂತಿರಲಿಲ್ಲ.

ಡಿಸೆಂಬರ್ ಕಳೆಯಿತು. ಮರಿಯ ಸುಳಿವಿಲ್ಲ. ಸಂಕ್ರಾಂತಿಗೆ ಮೂರು ದಿನ ಇರುವಾಗ ಕೆಂಪು ಹೊಟ್ಟೆಯವಳು ಬುರುಡೆಯೊಳಗೆ ಹೋದಳು. ಹೋದವಳು ಹೊರಗೆ ಬರಲೇ ಇಲ್ಲ. ಹಬ್ಬದ ಹಿಂದಿನ ದಿನ ಬಂದವರು ಮಾತ್ರ ಮಂಗಳಮ್ಮನ ಅಣ್ಣ, ಸಂಪಿಗೆ ಊರಿನ ನಂಜುಂಡಪ್ಪ. ಮೊಟ್ಟೆ ಇರಬಹುದೆಂಬ ಅನುಮಾನಕ್ಕೆ ಕೇಕನ್ನೇ ಮೂಸದ ಆಚಾರವಂತರು! ಒಂದು ಬುಟ್ಟಿ ಅವರೆಕಾಯಿ ಇಳಿಸಿ, ತಂಗಿ ಕೊಟ್ಟ ಚೊಂಬು ನೀರನ್ನು ಪಕ್ಕದಲ್ಲಿಟ್ಟುಕೊಂಡು ಕೂತರು.

"ಎಲ್ಲಿ ಭಾವ, ನಿಮ್ಮ ನೂರು ಮರಿ?"

"ಒಳಗವೆ."

"ಒಳಗವೆ ಅಂತ ಹೆಂಗೆ ಗೊತ್ತು?"

"ತಾಯಿ ಒಳಗವ್ಳಲ್ಲ!"

"ತಾಯಿ ಸತ್ತಿದ್ರೂ ಒಳಗೇ ಇರ್ತಾಳೆ ತಾನೇ?"

ಇಸ್ಮಾಯಿಲ್ ಹೇಳಿದ್ದ ಬುದ್ಧಿಮಾತು ಆ ಕ್ಷಣಕ್ಕೆ ಗಾಳಿಗೆ ಹೋಯಿತು. ತೋಂಟದಾರ್ಯರ ಕೈ ತಾನಾಗಿ ನೀರಿಗಿಳಿಯಿತು. ಬುರುಡೆ ಮೇಲಕ್ಕೆ ಬಂತು. ಬಂದದ್ದನ್ನು ಬೆಳಕಿಗೆ ಹಿಡಿದು ನೋಡಿದ್ದರೂ ಆಗುತ್ತಿತ್ತು. ಮೂವತ್ತೆರಡು ವರ್ಷದ ಅಭ್ಯಾಸ ಬಿಡಬೇಕಲ್ಲ! ಕೈ ನೆಟ್ಟಗೆ ಕಿವಿಯ ಹತ್ತಿರ ಹೋಯಿತು. ಕಣ್ಣು ಮುಚ್ಚಿತು. ಲೊಟಲೊಟ ಅಲ್ಲಾಡಿಸಿಯೇಬಿಟ್ಟರು!

"ಇನ್ನೂ ಬಲಿ..."

ಮಾತು ಮುಗಿಯುವ ಮೊದಲೇ ಅರ್ಧ ಬುರುಡೆ ನೀರು ಕಿವಿಯೊಳಗೆ, ಇನ್ನರ್ಧ ಬನಿಯನ್ನಿನೊಳಗೆ. ನೀರಿನ ಜೊತೆಗೆ ಕೆಂಪು ಹೊಟ್ಟೆಯವಳೂ!

"ಅಯ್ಯಯ್ಯೋ! ಒಳಗೋಯ್ತು! ಬೆನ್ನಿಗೋಯ್ತು!"

ಬುರುಡೆ ಕೈಜಾರಿ ತೊಟ್ಟಿಗೇ ಬಿತ್ತು, ದೇವರು ದೊಡ್ಡವನು. ಮಂಡಿ ನೋವಿನ ಮನುಷ್ಯ ಅಂಥ ಕುಣಿತ ಕುಣಿಯಬಲ್ಲರೆಂದು ಡಾಕ್ಟರಿಗೂ ಗೊತ್ತಿರಲಿಲ್ಲ. ಎರಡನೇ ಸುತ್ತಿಗೆ ಕಾಲು ಅವರೆಕಾಯಿ ಬುಟ್ಟಿಯೊಳಗೆ ಹೋಯಿತು. ಮೂರನೇ ಸುತ್ತಿಗೆ ತೋಂಟದಾರ್ಯರು ನಂಜುಂಡಪ್ಪನವರ ತೊಡೆಯ ಮೇಲಿದ್ದರು. ಮೀನು ನೆಲದ ಮೇಲೆ ಪಟಪಟ ಒದ್ದಾಡುತ್ತಿತ್ತು. ಅಡುಗೆಮನೆಯಿಂದ ಓಡಿಬಂದ ಮಂಗಳಮ್ಮ ಅದನ್ನು ಬೊಗಸೆಯಲ್ಲಿ ಬಾಚಿ, ಕಣ್ಣಿಗೆ ಬಿದ್ದ ಮೊದಲ ನೀರಿಗೆ ಬಿಟ್ಟು, ಗಂಡನನ್ನು ಎತ್ತಲು ತಿರುಗಿದರು.

ಭಾವನ ಭಾರಕ್ಕೆ ನಂಜುಂಡಪ್ಪನವರ ಉಸಿರು ನಿಂತು, ಗಂಟಲು ಒಣಗಿತ್ತು. ಭಾರ ಇಳಿದ ಕೂಡಲೇ ಕಣ್ಣು ಮುಚ್ಚಿಕೊಂಡೇ ಚೊಂಬಿಗೆ ಕೈಹಾಕಿ, ತಲೆ ಹಿಂದಕ್ಕೆ ಮಾಡಿ, ಬಾಯಿ ತೆರೆದು ಎತ್ತಿದರು.

"ಅಣ್ಣಾ! ಕುಡೀಬ್ಯಾಡ!" ಮಂಗಳಮ್ಮ ಕಿರುಚಿದರು. "ಅದ್ರೊಳ್ಗೆ ಬಾಣಂತಿ ಅವ್ಳೆ!"

ನಂಜುಂಡಪ್ಪ ಚೊಂಬಿನೊಳಗೆ ನೋಡಿದರು. ಚೊಂಬಿನೊಳಗಿಂದ ಬಾಣಂತಿಯೂ ಅವರನ್ನು ನೋಡಿದಳು. ಅವರು ಚೊಂಬನ್ನು ಮೆಲ್ಲಗೆ ಕೆಳಗಿಟ್ಟು, ಎದ್ದು ಹೋಗಿ, ತಲೆಗೆ ನೀರು ಹಾಕಿಕೊಂಡು, ಹೊಸದಾಗಿ ವಿಭೂತಿ ಹಚ್ಚಿಕೊಂಡು ಬಂದರು.

ಸಂಜೆ ತೋಂಟದಾರ್ಯರು ಹೆಂಡತಿಯ ಮುಂದೆ ತಲೆ ತಗ್ಗಿಸಿ ಕೂತರು. "ಮಿಷಿನ್ನು ಇಟ್ಕೊಳೇ. ನಾಳೆ ತೊಟ್ಟಿ ವಾಪಸ್ ಕೊಟ್ಟು ಬತ್ತೀನಿ. ಈ ಕೈಗೆ ಇನ್ನೇನೂ ಹತ್ತಲ್ಲ ಬುಡು."

ಗೆದ್ದ ಮಂಗಳಮ್ಮ ಹಿಗ್ಗಬೇಕಿತ್ತು. ಹಿಗ್ಗಲಿಲ್ಲ. ಚೊಂಬನ್ನು ಜೋಪಾನವಾಗಿ ತೊಟ್ಟಿಗೆ ಬಗ್ಗಿಸಿದರು. ಬಾಣಂತಿ ಒಂದು ಸುತ್ತು ಹೊಡೆದು, ಮೂಲೆಯಲ್ಲಿ ನಡುಗುತ್ತಿದ್ದ ಗಂಡನ ಕಡೆ ತಿರುಗಿಯೂ ನೋಡದೆ ಬುರುಡೆಯೊಳಗೆ ನುಗ್ಗಿದಳು.

"ಬಾಣಂತೀನ ಯಾರಾದ್ರೂ ಮನೆಯಿಂದಾಚೆ ಹಾಕ್ತಾರೇನ್ರೀ? ಮೂರು ತಿಂಗ್ಳು ಕಳೀಲಿ, ಆಮೇಲೆ ನೋಡಣ" ಎನ್ನುತ್ತ ತೊಟ್ಟಿಯ ಎರಡು ಬದಿಗೂ ತಮ್ಮ ಹಳೇ ಸೀರೆ ಕಟ್ಟಿ ಮರೆ ಮಾಡಿದರು. ಬೆಳಗ್ಗೆ ಹೊರಟು ನಿಂತ ನಂಜುಂಡಪ್ಪನವರೂ ಹೊಸ್ತಿಲಲ್ಲಿ ತಿರುಗಿ, "ಹೆಂಗವ್ಳೆ?" ಎಂದು ಪಿಸುಗುಟ್ಟಿ ಹೋದರು.

ಏಳನೆಯ ದಿನ ಮಂಗಳಮ್ಮ ಕೂಗಿಕೊಂಡರು. "ರೀ, ಬನ್ರೀ! ಮರಿ! ಜೀರಿಗೆ ಚೆಲ್ದಂಗೆ ಮರಿ!"

ತೋಂಟದಾರ್ಯರು ಕುಂಟುತ್ತ ಓಡಿಬಂದರು. ತೊಟ್ಟಿಯಲ್ಲಿ ಏನೂ ಇಲ್ಲ. ಮಾರನೆಯ ದಿನವೂ ಹಾಗೇ ಆಯಿತು. ಅದರ ಮಾರನೆಯ ದಿನವೂ! ಇಸ್ಮಾಯಿಲ್‌ಗೆ ಫೋನು ಹೋಯಿತು.

"ಕರಟ ಎತ್ತಿದ್ರಾ?"

"...ಒಂದೇ ಸಲ."

"ಜ್ಞಾಪಕ ಮಡಗವ್ಳೆ ಅಣ್ಣಾವ್ರೇ. ನಿಮ್ಮನ್ನ ಕಂಡ್ರೆ ಮಕ್ಳನ್ನ ಒಳಕ್ಕೆ ಕರ್ಕೊಂತಾಳೆ."

ಅಂದಿನಿಂದ ತೋಂಟದಾರ್ಯರು ಅಡುಗೆಮನೆಯ ಬಾಗಿಲ ಪರದೆಯ ಹಿಂದೆ ನಿಂತು, ಸಂದಿಯಲ್ಲಿ ಒಂದೇ ಕಣ್ಣಿಟ್ಟು ತಮ್ಮ ಮನೆಯ ಮರಿಗಳನ್ನು ಕದ್ದು ನೋಡತೊಡಗಿದರು. ನೂರಿಲ್ಲ, ಹೆಚ್ಚೆಂದರೆ ನಲವತ್ತು. ಆದರೂ ಮೊದಲ ಸಲ ಕಂಡಾಗ ಅವರ ಕಣ್ಣು ತುಂಬಿ ಬಂತು. ಅಟ್ಟದ ಕಾಯಿ ಇಳಿಸುವುದು ಅವತ್ತಿಗೇ ಮರೆತುಹೋಯಿತು.

ಹದಿನೈದು ದಿನಕ್ಕೆ ನಂಜುಂಡಪ್ಪ ಬಾಣಂತಿಯನ್ನು ನೋಡಲೆಂದೇ ಬಂದರು. ಗಾಜಿಗೆ ಮೂಗು ತಾಗಿಸಿ ಕೂತವರ ಎದುರಿಗೇ ಮರಿಗಳೆಲ್ಲ ಆಡಿದವು!

"ಅಲ್ಲಿಂದೇನು ಇಣುಕ್ತೀರಿ ಭಾವ? ಹತ್ರ ಬನ್ನಿ."

"ಬರ್ಲಿ. ಆದ್ರೆ ಎರಡೂ ಕೈ ಹಿಂದೆ ಕಟ್ಕೊಂಡು ಬರ್ಲಿ" ಎಂದರು ಮಂಗಳಮ್ಮ.

ಲಕ್ಷಾಂತರ ಕಾಯಿಗೆ ತೀರ್ಪು ಕೊಟ್ಟ ತೋಂಟದಾರ್ಯರು ಸ್ಕೂಲು ಹುಡುಗನ ಹಾಗೆ ಕೈಕಟ್ಟಿ, ತುದಿಗಾಲಲ್ಲಿ ಬಂದು ನಿಂತರು. ಕೆಂಪು ಹೊಟ್ಟೆಯವಳು ಅವರ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು. ಮಕ್ಕಳನ್ನು ಒಂದೊಂದಾಗಿ ಬುರುಡೆಯೊಳಗೆ ಅಟ್ಟಿದಳು. ತಾನು ಬಾಗಿಲಿಗೆ ಅಡ್ಡ ನಿಂತಳು.

ಮಂಗಳಮ್ಮ ಗಂಡನ ಒದ್ದೆಗಣ್ಣು ನೋಡಿದರು. ನಗು ತಡೆಯಲಾಗಲಿಲ್ಲ.

"ನೀವಿನ್ನೂ ಬಲಿತಿಲ್ಲ ಕಣ್ರೀ. ಹನ್ನೊಂದು ತಿಂಗ್ಳು ಅಟ್ಟದ ಮೇಲಿರಿ. ಆಮೇಲೆ ಅವ್ಳೇ ಅಲ್ಲಾಡ್ಸಿ ನೋಡ್ತಾಳೆ!"