ಕೆರೆ ಉಳಿಸಲು ಹೊರಟ ಬುಲೆಟ್ಟು

ಕೀರ್ತನ: ಆ ಕಥೆಯೆಲ್ಲ ನಂಗೆ ಬೇಡ. ನನ್ನ ಇಡ್ಲಿ ಪಾತ್ರೆಲಿ ಬೇಯ್ತಾ ಇರೋದು ಏನು, ಅಷ್ಟು ಹೇಳಿ.

ಬೈರೇಶ್: ಪಿಸ್ಟನ್ನು.

ಕೀರ್ತನ: ಪಿಸ್ಟನ್ನು!

ಬೈರೇಶ್: ಬೇಯ್ತಾ ಇಲ್ಲ ಕಣೇ, ಬಿಸಿ ಆಗ್ತಾ ಇದೆ. ಬಿಸಿ ಆದ್ರೆ ಅದರ ತೂತು ಒಂಚೂರು ಹಿಗ್ಗತ್ತೆ, ಪಿನ್ನು ಸಲೀಸಾಗಿ ಒಳಗೆ ಹೋಗತ್ತೆ. ಸುತ್ತಿಗೆಲಿ ಬಡಿದ್ರೆ ರಾಡು ಸೊಟ್ಟಗಾಗಲ್ವಾ?

ಕೀರ್ತನ: ಪಿನ್ನೆಲ್ಲಿದೆ?

ಬೈರೇಶ್ ಹಿಂದೆಮುಂದೆ ನೋಡಿದ.

ಬೈರೇಶ್: ಫ್ರಿಜ್ಜಲ್ಲಿ.

ಕೀರ್ತನ: ಫ್ರಿಜ್ಜಲ್ಲಿ ಎಲ್ಲಿ?

ಬೈರೇಶ್: ಮೇಲ್ಗಡೆ, ಐಸ್ ಆಗೋ ಕಡೆ. ಬಟಾಣಿ ಪಕ್ಕ. ತಣ್ಣಗಾದ್ರೆ ಪಿನ್ನು ಕುಗ್ಗತ್ತೆ. ಇದು ಹಿಗ್ಗತ್ತೆ, ಅದು ಕುಗ್ಗತ್ತೆ. ವಿಜ್ಞಾನ ಕಣೇ.

ಕೀರ್ತನ: ಮದುವೆ ಆದಾಗಿಂದ ಈ ಮನೇಲಿ ಅದೇ ವಿಜ್ಞಾನ ನಡೀತಾ ಇರೋದು. ನೀವು ಹಿಗ್ತೀರಿ, ನಾನು ಕುಗ್ತೀನಿ.

ದೊಡ್ಡಬಳ್ಳಾಪುರದ ಅಂಚಿನ ಬಡಾವಣೆಯಲ್ಲಿ ಬೈರೇಶನ ಮನೆ. ಮನೆಯ ನಕ್ಷೆಯಲ್ಲಿ ಕಾರು ನಿಲ್ಲಿಸಲು ಅಂತ ತೋರಿಸಿದ ಜಾಗದಲ್ಲಿ ಮೂರು ತಿಂಗಳಿಂದ ಒಂದು ಬುಲೆಟ್ಟು ಹೊಟ್ಟೆ ಬಗೆದುಕೊಂಡು ಕೂತಿತ್ತು. ಬೈರೇಶ್ ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಕೆಲಸದವನು, ಹೊಟ್ಟೆಪಾಡಿಗೆ ಅದು. ಹೆಸರಿಗೆ ಅವನು ಕೆರೆ ಹಿತರಕ್ಷಣಾ ಸಮಿತಿಯ ಕಾರ್ಯದರ್ಶಿ. ಊರ ಮೇಲ್ಗಡೆಯ ಬಣ್ಣದ ಕಾರ್ಖಾನೆ ಕೆರೆಗೆ ಹೊಲಸು ಬಿಡುತ್ತಿದೆ ಎಂದು ಎರಡು ವರ್ಷದಿಂದ ಅರ್ಜಿ ಬರೆದು ಬರೆದು, ಕೊನೆಗೂ ಇವತ್ತು ಹನ್ನೊಂದು ಗಂಟೆಗೆ ಅಧಿಕಾರಿಗಳು ಬಂದು ಕೆರೆಯ ನೀರನ್ನು ಪರೀಕ್ಷೆಗೆ ತುಂಬಿಕೊಂಡು ಹೋಗುವುದಿತ್ತು. ಭಾನುವಾರ ಅಧಿಕಾರಿ ಬರುವುದೆಂದರೆ ಸಾಮಾನ್ಯವೇ? ಆ ಖುಷಿಗೆ ಸಮಿತಿಯವರು 'ಕೆರೆ ಉಳಿಸಿ' ಬೈಕ್ ಜಾಥಾ ಇಟ್ಟುಕೊಂಡಿದ್ದರು. ಬೈರೇಶನ ಮನೆಯಿಂದ ಕೆರೆ ಕೂಗಿದರೆ ಕೇಳುವಷ್ಟು ದೂರ. ಆದರೆ ನಡೆದು ಹೋಗಿ ಕೆರೆ ಉಳಿಸಿದವರನ್ನು ಯಾರು ಲೆಕ್ಕಕ್ಕಿಡುತ್ತಾರೆ? ಜಾಥಾ ಪೇಟೆಯೆಲ್ಲ ಸುತ್ತಿ, ಹೊಗೆಯೆಲ್ಲ ಬಿಟ್ಟು, ಆಮೇಲೆ ಕೆರೆಗೆ ಬರಬೇಕು. ಮುಂದೆ ಬೈರೇಶನ ಬುಲೆಟ್ಟಿರಬೇಕು.

ಬೈರೇಶ್: ನಮ್ಮ ಮಾವ ಪ್ರೀತಿಯಿಂದ ಕೊಟ್ಟ ಗಾಡಿ. ಅವರ ಹೆಸರು ಉಳೀಲಿ ಅಂತಾನೇ ಇಷ್ಟು ಕಷ್ಟಪಡ್ತಾ ಇರೋದು.

ಕೀರ್ತನ: ಪ್ರೀತಿಯಿಂದ ಅಲ್ಲ. ಧಾರೆ ಹಿಂದಿನ ರಾತ್ರಿ ನೀವು ಮುಖ ಊದಿಸ್ಕೊಂಡು ಛತ್ರದ ಮೂಲೇಲಿ ಕೂತ್ಕೊಂಡ್ರಲ್ಲ, ಅದಕ್ಕೆ. ನಮ್ಮಪ್ಪ ಅವತ್ತಿಂದ ಬಸ್ಸಲ್ಲಿ ಓಡಾಡ್ತಾ ಇದಾರೆ.

ಈ ಮಾತು ಕಿವಿಗೆ ಬೀಳದ ಹಾಗೆ ಬೈರೇಶ್ ಇಕ್ಕಳದಲ್ಲಿ ಪಿಸ್ಟನ್ನು ಎತ್ತಿಕೊಂಡು, ಬಟಾಣಿ ಪಕ್ಕದ ಪಿನ್ನನ್ನೂ ಹಿಡಿದುಕೊಂಡು ಹೊರಗೆ ಓಡಿದ. ಅಲ್ಲಿ ನಾಸಿರ್ ಕಾಯುತ್ತಿದ್ದ. ಇಬ್ಬರೂ ಒಂದೇ ಶಿಫ್ಟಿನವರು, ಒಂದೇ ಬೆಂಚಿನಲ್ಲಿ ಓದಿದವರು. ನಾಸಿರನಿಗೆ ಇಂಜಿನ್ನೂ ಗೊತ್ತಿಲ್ಲ, 'ಆಗಲ್ಲ' ಅನ್ನುವುದೂ ಗೊತ್ತಿಲ್ಲ.

ಬೈರೇಶ್: ಲೇ, ಹಿಡ್ಕೊಳೋ ರಾಡು! ನೋಡ್ದಾ, ಹೆಂಗೆ ಜಾರ್ಕೊಂಡು ಹೋಯ್ತು ಪಿನ್ನು! ಈಗ ಪಿಸ್ಟನ್ ರಿಂಗು. ಮೂರೂ ರಿಂಗಿನ ಬಾಯಿ ಒಂದೇ ಸಾಲಲ್ಲಿ ಬರಬಾರ್ದು. ಬಂದ್ರೆ ಸೋರತ್ತೆ. ಒಂದೊಂದು ಒಂದೊಂದು ಕಡೆ ತಿರುಗಿರ್ಬೇಕು.

ನಾಸಿರ್: ಹಂಗಾದ್ರೆ ನಮ್ಮ ಸಮಿತಿ ಜನ್ಮದಲ್ಲಿ ಸೋರಲ್ಲ ಬಿಡು ಗುರು.

ಬೈರೇಶ್: ಬಾಯಿ ಮುಚ್ಕೊಂಡು ಪಿಸ್ಟನ್ ಮೇಲೆ ಸಿಲಿಂಡರ್ ಬೋರು ಇಳಿಸು. ನಿಧಾನ... ನಿಧಾನ... ಹಾಂ. ಆ ಬಾಂಡ್ಲಿ ತೆಗಿಯೋ, ಕಾಲಿಗೆ ಸಿಗತ್ತೆ.

ನಾಸಿರ್: ಪಾರ್ಟ್ಸ್ ತೊಳೆದಿದ್ದಲ್ವಾ? ಬರೀ ಡೀಸೆಲ್ಲು, ಗ್ರೀಸು. ಎಲ್ಲಿ ಹಾಕ್ಲಿ?

ಬೈರೇಶ್: ಎಲ್ಲಿ ಹಾಕ್ತೀಯ? ದಿನಾ ಎಲ್ಲಿ ಹಾಕ್ತೀವೋ ಅಲ್ಲೇ. ಮೋರಿಗೆ.

ನಾಸಿರ್ ಬಾಂಡಲಿ ಎತ್ತಿ ಮನೆ ಮುಂದಿನ ಮೋರಿಗೆ ಸುರಿದ. ಮೋರಿಗೆ ಹಾಕಿದ್ದು ಎಲ್ಲಿಗೂ ಹೋಗುವುದಿಲ್ಲ, ಸುಮ್ಮನೆ ಇಲ್ಲವಾಗುತ್ತದೆ ಎಂಬ ನಂಬಿಕೆಯಲ್ಲಿ ಜಾತಿ ಮತ ಪಕ್ಷ ಬಿಟ್ಟು ನಾವೆಲ್ಲ ಒಂದು.

ಕೀರ್ತನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಕೀರ್ತನ: ನಾಸಿರಣ್ಣ, ಒಂದು ಡಬ್ಬಕ್ಕೆ ತುಂಬಿಡೋಕೆ ಏನು ರೋಗ? ಹಳೇ ಎಣ್ಣೆ ತಗೊಳೋರು ಇದಾರಲ್ಲ.

ನಾಸಿರ್: ನಾನು ಬರೀ ಕೈ ಅಕ್ಕಾ. ತಲೆ ಅವನದು.

ಬೈರೇಶ್: ಕೀರ್ತನಾ, ನೀನು ಸುಮ್ನೆ ತಲೆ ತಿನ್ಬೇಡ. ಕೆರೆ ವಿಷಯದಲ್ಲಿ ನಾನು ಎಷ್ಟು ಗಾಬರಿಲಿದೀನಿ ಗೊತ್ತಾ? ಲೇ, ಘೋಷಣೆ ಹೇಳು ನೋಡೋಣ.

ನಾಸಿರ್: ಕೆರೆಗೆ ವಿಷ ಸುರಿಯೋರಿಗೆ...

ಬೈರೇಶ್: ಧಿಕ್ಕಾರ! ಇನ್ನೂ ಜೋರಾಗಿ. ಸ್ಪ್ಯಾನರ್ ಕೊಡು.

ಹೆಡ್ಡು ಕೂತಿತು, ಟ್ಯಾಪೆಟ್ಟು ಕೂತಿತು. ಕಾರ್ಬ್ಯುರೇಟರಿಗೆ ಪೆಟ್ರೋಲು ಇಳಿಯಿತು. ಬೈರೇಶ್ ದೇವರನ್ನು ನೆನೆದು ಕಿಕ್ಕರ್ ಒದ್ದ. ಬುಲೆಟ್ಟು ಕೆಮ್ಮಿತು. ಮತ್ತೆ ಒದ್ದ. ಇನ್ನೊಂದು ಸಲ ಕೆಮ್ಮಿ, ಬೀದಿಗೆಲ್ಲ ಹೊಗೆ ಕಾರಿ, ಡುಗು ಡುಗು ಎಂದು ಹತ್ತಿಕೊಂಡಿತು. ಬೈರೇಶನ ಕಣ್ಣಲ್ಲಿ ನೀರು ಬಂತು. ಹೊಗೆಯಿಂದಲೋ ಸಂತೋಷದಿಂದಲೋ ಅವನಿಗೂ ತಿಳಿಯಲಿಲ್ಲ. ಮಂಡಿಯೂರಿ, ಕಾರ್ಬ್ಯುರೇಟರಿನ ಹತ್ತಿರ ಕಿವಿಯಿಟ್ಟು, ಅದರ ಸ್ಕ್ರೂ ಅರ್ಧ ಕೂದಲೆಳೆ ಆ ಕಡೆ, ಅರ್ಧ ಈ ಕಡೆ ತಿರುಗಿಸಿದ. ಹೆಂಡತಿಯ ಒಂದು ಮಾತನ್ನೂ ಅವನು ಇಷ್ಟು ಕಿವಿಗೊಟ್ಟು ಕೇಳಿದವನಲ್ಲ.

ಬೈರೇಶ್: ಕೇಳ್ದೇನೋ ನಾಸಿರ್? ಒಂದು ಏಟಿಗೂ ಇನ್ನೊಂದು ಏಟಿಗೂ ಮಧ್ಯೆ ಒಂದು ಉಸಿರು ಎಳ್ಕೋಬೋದು. ಇದಕ್ಕಂತಾರೆ ಟ್ಯೂನಿಂಗು!

ನಾಸಿರ್: ಸೂಪರ್ ಮಗಾ. ಹೊರಡೋಣ್ವಾ?

ಬೈರೇಶ್: ತಡಿ. ಹೊಸ ರಿಂಗು ಉಜ್ಜಿ ಉಜ್ಜಿ ಮೊದಲನೇ ಎಣ್ಣೇಲಿ ಕಬ್ಬಿಣದ ಪುಡಿ ಇಳಿದಿರತ್ತೆ. ಅದನ್ನ ತೆಗೆದು ಬೇರೆ ಹಾಕ್ಬೇಕು. ಇಲ್ಲಾಂದ್ರೆ ಇಂಜಿನ್ನಿಗೆ ವಿಷ.

ಇಂಜಿನ್ನಿಗೆ ವಿಷವಾದ ಎಣ್ಣೆಯೂ ಬಿಸಿಬಿಸಿಯಾಗಿ ಮೋರಿ ಸೇರಿತು. ಹೊಸ ಎಣ್ಣೆ ಹೊಯ್ದು ಬೈರೇಶ್ ಬುಲೆಟ್ಟನ್ನು ಮತ್ತೆ ಚಾಲೂ ಮಾಡಿದ. ಅಷ್ಟರಲ್ಲಿ ಮೊಪೆಡ್ಡಿನಲ್ಲಿ ಪಿಳ್ಳಣ್ಣ ಬಂದರು. ಸಮಿತಿಯ ಅಧ್ಯಕ್ಷರು, ಕೆರೆಯಂಚಿನಲ್ಲಿ ಎಮ್ಮೆ ಕಟ್ಟಿಕೊಂಡು ಹಾಲು ಹಾಕುವವರು. ಒಂದು ಕೈಯಲ್ಲಿ ನೀರಿನ ಬಾಟಲಿ ಎತ್ತಿ ಹಿಡಿದಿದ್ದರು.

ಪಿಳ್ಳಣ್ಣ: ಬೈರೇಶಾ! ಸಿಕ್ತು ಕಣಪ್ಪಾ! ಸಾಕ್ಷಿ ಸಿಕ್ತು!

ಬೈರೇಶ್: ಏನಣ್ಣ ಅದು?

ಪಿಳ್ಳಣ್ಣ: ಕೆರೆಗೆ ನೀರು ಬೀಳ್ತದಲ್ಲ, ಆ ಬಾಯಲ್ಲಿ ಈಗ್ತಾನೆ ತುಂಬ್ಕೊಂಡು ಬಂದೆ. ಮೇಲ್ಗಡೆ ನೋಡು, ಕಾಮನಬಿಲ್ಲು ಆಡ್ತದೆ! ನನ್ನ ಎಮ್ಮೆ ಮೂತಿ ಇಟ್ಟು, ಹಂಗೇ ತಿರುಗಿ ನನ್ನ ಮುಖ ನೋಡ್ತು. ಏನ್ ಯಜಮಾನ, ಇದನ್ನ ಕುಡೀಲಾ ಅನ್ನೋ ಹಂಗೆ.

ಬೈರೇಶನ ಎದೆ ಉಬ್ಬಿತು. ಎರಡು ವರ್ಷ ಬೇಡಿಕೊಂಡ ಸಾಕ್ಷಿ ಜಾಥಾದ ದಿನವೇ, ಅದೂ ಬಾಟಲಿಯಲ್ಲಿ ಕೂತು ಮನೆ ಬಾಗಿಲಿಗೆ ಬಂದಿತ್ತು.

ಬೈರೇಶ್: ಅಯೋಗ್ಯರು! ಭಾನುವಾರ ಯಾರೂ ನೋಡಲ್ಲ ಅಂತ ಬಿಟ್ಟಿದಾರೆ. ಕೆರೆ ಅಂದ್ರೆ ತಾಯಿ ಕಣಣ್ಣ. ತಾಯಿ ಬಾಯಿಗೆ ವಿಷ ಹುಯ್ಯೋರು ಮನುಷ್ಯರಾ? ಅವರಿಗೂ ಹೆಂಡ್ತಿ ಮಕ್ಕಳು ಇರಲ್ವಾ? ಕೀರ್ತನಾ, ಬಾ ಇಲ್ಲಿ. ಮೂಸಿ ನೋಡು, ಎಂಥ ಭಯಂಕರ ಕೆಮಿಕಲ್ಲು!

ಕೀರ್ತನ ಬಾಟಲಿಯ ಮುಚ್ಚಳ ತೆಗೆದು ಮೂಸಿದಳು.

ಕೀರ್ತನ: ಈ ವಾಸನೆ ನಂಗೆ ಗೊತ್ತು.

ಪಿಳ್ಳಣ್ಣ: ಹೇಳು ತಾಯಿ, ಆಫೀಸರ್ ಮುಂದೂ ಹೇಳು! ನಿಂಗೆ ಹೆಂಗೆ ಗೊತ್ತಾಯ್ತು?

ಕೀರ್ತನ: ಮೂರು ತಿಂಗಳಿಂದ ನನ್ನ ಪಕ್ಕದಲ್ಲೇ ಮಲಗ್ತಾ ಇದೆಯಲ್ಲ.

ಬುಲೆಟ್ಟು ಡುಗು ಡುಗು ಎನ್ನುತ್ತಿತ್ತು. ನಾಸಿರ್ ಮೆಲ್ಲಗೆ ತನ್ನ ಅಂಗೈ ಮೂಸಿಕೊಂಡು, ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಪಿಳ್ಳಣ್ಣ ಬಾಟಲಿ ನೋಡಿದರು, ಬೈರೇಶನನ್ನು ನೋಡಿದರು. ಅವರ ನೋಟ ಮನೆ ಮುಂದಿನ ಮೋರಿಯಗುಂಟ ತಿರುವಿನವರೆಗೂ ಹೋಗಿ, ಅಲ್ಲಿಂದ ಇಳಿದು, ಕೆರೆಯಲ್ಲಿ ನಿಂತಿತು.

ಬೈರೇಶ್: ಅಲ್ಲ ಕಣೇ... ಅವರು ಟ್ಯಾಂಕರ್‌ಗಟ್ಟಲೆ ಬಿಡ್ತಾ ಇರೋವಾಗ, ನಂದೊಂದು ಬಾಂಡ್ಲಿ ಯಾವ ಲೆಕ್ಕ?

ಕೀರ್ತನ: ಅವರೂ ಅದನ್ನೇ ಹೇಳ್ತಾರೆ. ಇಡೀ ಊರಿನ ಮೋರಿ ಕೆರೆಗೆ ಬೀಳೋವಾಗ, ನಮ್ದೊಂದು ಪೈಪು ಯಾವ ಲೆಕ್ಕ ಅಂತ.

ಪಿಳ್ಳಣ್ಣ: ಹಂಗಾದ್ರೆ ನನ್ನ ಬೋರ್‌ವೆಲ್ಲಲ್ಲಿ ಕೆಂಪು ನೀರು ಬರೋದು ಸುಳ್ಳಾ? ಮೊಮ್ಮಗಳ ಮೈಯೆಲ್ಲ ಕಜ್ಜಿ ಆಗಿರೋದು ಸುಳ್ಳಾ?

ಕೀರ್ತನ: ಸುಳ್ಳಲ್ಲ ಅಣ್ಣಾ. ಅದಕ್ಕೇ ನನ್ನ ಹೊಟ್ಟೆ ಉರೀತಾ ಇರೋದು. ನಿಮ್ಮ ದೂರು ನಿಜ. ಆ ನಿಜದ ಮೇಲೆ ನಮ್ಮನೆಯೋರು ಎಣ್ಣೆ ಸುರಿದ್ರು.

ನಾಸಿರ್: ಗುರು, ಆಫೀಸರ್ ನೀರು ತುಂಬ್ಕೊಳೋದೂ ಆ ಬಾಯಲ್ಲೇ ಅಲ್ವಾ? ಲ್ಯಾಬಲ್ಲಿ ಇಂಜಿನ್ ಆಯಿಲ್ ಅಂತ ಬಂದ್ರೆ, ಆ ಕಾರ್ಖಾನೆಯೋರು ರಿಪೋರ್ಟಿಗೆ ಕಟ್ಟು ಹಾಕ್ಸಿ ಗೋಡೆಗೆ ನೇತಾಕ್ತಾರೆ ಕಣೋ. ಕಜ್ಜಿಗೂ ಬುಲೆಟ್ಟೇ ಕಾರಣ ಅಂತಾರೆ.

ಬೈರೇಶ್ ಮೋರಿಯ ಅಂಚಿಗೆ ಹೋಗಿ ಬಗ್ಗಿ ನೋಡಿದ. ಎರಡು ವರ್ಷದ ಅರ್ಜಿ, ಆಫೀಸಿನ ಬೆಂಚು, 'ನಾಳೆ ಬನ್ನಿ' ಅನ್ನಿಸಿಕೊಂಡಿದ್ದು, ಎಲ್ಲವೂ ಅವನ ಕಣ್ಣೆದುರೇ ಮೋರಿಯಲ್ಲಿ ತೇಲಿಹೋಗುತ್ತಿತ್ತು.

ಬೈರೇಶ್: ಅಣ್ಣಾ, ಫೋನ್ ಮಾಡಿ. ಇವತ್ತು ಬೇಡ, ಮುಂದಿನ ವಾರ ಬನ್ನಿ ಅಂತ ಹೇಳಿ.

ಪಿಳ್ಳಣ್ಣ: ಎರಡು ವರ್ಷ ಬನ್ನಿ ಬನ್ನಿ ಅಂತ ಕಾಲು ಹಿಡಿದು, ಹೊರಟು ಬಂದ ಮೇಲೆ ಬರಬೇಡಿ ಅನ್ನೋದಾ? ಇನ್ನೊಂದು ಸಲ ಈ ಕಡೆ ತಲೆ ಹಾಕಿ ಮಲಗ್ತಾರಾ ಅವರು?

ಕೀರ್ತನ: ಅಣ್ಣಾ, ನಿಮ್ಮ ಕೊಟ್ಟಿಗೇಲಿ ಹುಲ್ಲಿದೆಯಲ್ವಾ? ಆ ಬಾಯಿಗೆ ಅಡ್ಡ ಹಾಸಿದ್ರೆ ಎಣ್ಣೆ ಹೀರ್ಕೊಳತ್ತೆ. ಜಾಥಾದೋರನ್ನೂ ಕರೀರಿ, ಒಬ್ಬೊಬ್ಬರು ಒಂದೊಂದು ಹೊರೆ ತರ್ಲಿ. ಆಫೀಸರ್ ಬಂದ ತಕ್ಷಣ, ಇಷ್ಟು ಎಣ್ಣೆ ನಮ್ದು ಸ್ವಾಮಿ, ತಪ್ಪಾಯ್ತು ಅನ್ನಿ. ಆಮೇಲೆ ಮೇಲ್ಗಡೆ ಕರ್ಕೊಂಡು ಹೋಗಿ ಕಾರ್ಖಾನೆ ಪೈಪು ತೋರ್ಸಿ, ಅಲ್ಲೇ ತುಂಬಿಸಿ. ತಪ್ಪು ಒಪ್ಕೊಂಡೋರ ಮಾತು ಕೇಳ್ತಾರೆ.

ಬೈರೇಶ್: ಯೂಟ್ಯೂಬಿನೋರು ಬರ್ತಾ ಇದಾರೆ ಕಣೇ! ಕಾರ್ಯದರ್ಶಿ ಆದೋನು ಮೊಣಕಾಲುದ್ದ ಕೆಸರಲ್ಲಿ ಹುಲ್ಲು ಹಿಡ್ಕೊಂಡು ನಿಂತ್ರೆ ವಿಡಿಯೋದಲ್ಲಿ ಹೆಂಗೆ ಕಾಣ್ತೀನಿ?

ಕೀರ್ತನ: ಕೆರೆ ಉಳಿಸೋನ ಥರ ಕಾಣ್ತೀರಿ. ಅಭ್ಯಾಸ ಇಲ್ಲ ನೋಡಿ, ಅದಕ್ಕೆ ಮುಜುಗರ.

ಬೈರೇಶ್ ಬುಲೆಟ್ಟಿನ ಕಡೆ ನೋಡಿದ. ಅದು ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಉಸಿರೆಳೆದುಕೊಳ್ಳುತ್ತ, ಪೇಟೆ ಬೀದಿಯಲ್ಲಿ ಜನ ತಿರುಗಿ ನೋಡುವ ಹಾಗೆ, ಅವನು ಮೂರು ತಿಂಗಳು ಕನಸಿನಲ್ಲಿ ಕೇಳಿದ ಹಾಗೆಯೇ ಗುಡುಗುತ್ತಿತ್ತು. ಕೈ ಚಾಚಿ, ಕೀಲಿ ತಿರುಗಿಸಿ ಆರಿಸಿದ. ಬೀದಿ ಗವ್ವೆಂದು ಸುಮ್ಮನಾಯಿತು.

ಬೈರೇಶ್: ಹುಲ್ಲು ಎಷ್ಟಿದೆ ಪಿಳ್ಳಣ್ಣ?

ಪಿಳ್ಳಣ್ಣ: ಬೇಕಾದಷ್ಟಿದೆ. ಹುಲ್ಲೂ ಹಾಕೋಣ, ಕಾಲಿಗೂ ಬೀಳೋಣ. ಆದ್ರೆ ಮೊದ್ಲು ಈ ಬಾಟ್ಲಿ. ಇದು ಆ ಯೂಟ್ಯೂಬಿನ ಹುಡುಗರ ಕೈಗೆ ಸಿಕ್ತೋ, ಸಮಿತಿ ಮಾನ ಹರಾಜು!

ಹೀಗೆಂದವರೇ ಪಿಳ್ಳಣ್ಣ ದಾಪುಗಾಲು ಹಾಕಿ ಗೇಟಿನಾಚೆ ಹೋಗಿ, ಆ ಕಡೆ ಈ ಕಡೆ ನೋಡಿ, ಬಾಟಲಿಯನ್ನು ಬೋರಲು ಹಾಕಿ, ಕೊನೆಯ ಹನಿಯವರೆಗೂ ಕೊಡವಿ ಮೋರಿಗೆ ಸುರಿದು, ದೊಡ್ಡ ಗಂಡಾಂತರ ಕಳೆದವರಂತೆ ಕೈ ಒರೆಸಿಕೊಂಡರು.

ಪಿಳ್ಳಣ್ಣ: ಹೋಯ್ತು. ಇನ್ನು ಯಾರ ಕೈಗೂ ಸಿಗಲ್ಲ.

ಕೀರ್ತನ: ಸಿಗತ್ತೆ ಅಣ್ಣಾ. ಬೇಗ ಬೇಗ ಹೆಜ್ಜೆ ಹಾಕಿ, ಇಲ್ಲಾಂದ್ರೆ ನಿಮಗಿಂತ ಮೊದಲೇ ಅದು ಆಫೀಸರ್ ಹತ್ರ ಹೋಗಿ ಕೂತಿರತ್ತೆ.